ಯಾವ ಕಡೆಯಿಂದ ಬಂತು?

ಜೂನ್ 3, ಮಂಗಳವಾರ

ಈ ಪುಸ್ತಕ ನನ್ನ ಸ್ವಂತದ್ದು. ಅಮ್ಮ ಕೆಲಸ ಮಾಡುವ ಕನ್ನಡಕದಂಗಡಿಯಲ್ಲಿ ಹಂಚಿ ಉಳಿದ ಡೈರಿ. ಪ್ರತಿ ಪುಟದ ಅಡಿಯಲ್ಲೂ ‘ನಿಮ್ಮ ಕಣ್ಣು, ನಮ್ಮ ಕಾಳಜಿ’ ಎಂದು ಅಚ್ಚಾಗಿದೆ. ಆದ್ದರಿಂದ ಕದ್ದು ಓದುವವರ ಕಣ್ಣಿಗೆ ಏನಾದರೂ ಆದರೆ ಅಂಗಡಿಯವರೇ ಹೊಣೆ.

ಮೊದಲ ಪುಟದ ಗಾಂಭೀರ್ಯಕ್ಕೆ ತಕ್ಕ ಸುದ್ದಿಯೇ ಇದೆ. ಇವತ್ತು ನಮ್ಮ ಮಂತ್ರಿಗಳ ವರದಿ ಬಂತು.

ಮಂತ್ರಿಗಳು ಎಂದರೆ ನನ್ನ ತಂಗಿ. ವಯಸ್ಸು ಐದು. ಪದವಿ ದಯಪಾಲಿಸಿದವನು ನಾನು, ಹನ್ನೊಂದು ವರ್ಷ ಹಿರಿಯ ಅಣ್ಣ. ಹೆಚ್ಚು ಮಾತಾಡದೆ ಇಡೀ ಮನೆಯನ್ನು ಕುಣಿಸುವವರು ಅವರೊಬ್ಬರೇ. ನಮ್ಮಲ್ಲಿ ಬಹುವಚನವೂ ಅವರೊಬ್ಬರಿಗೇ. ಅವರ ಶಬ್ದಕೋಶದಲ್ಲಿ ಮೂರು ಪದಗಳಿವೆ: ‘ಬಾ’, ‘ಬೇಡ’, ಮತ್ತು ದೀಪದ ಸ್ವಿಚ್ಚು ಕಂಡಾಗ ‘ತಕ್’. ನಡೆಯಲು ಶುರುಮಾಡಿದ್ದು ಮೂರನೆಯ ವರ್ಷಕ್ಕೆ. ಎರಡು ಕಿರುಬೆರಳುಗಳ ಉಗುರುಗಳೂ ಬಲು ಚಿಕ್ಕವು, ಅರ್ಧ ಅಕ್ಕಿಕಾಳಿನಷ್ಟು. ಅದನ್ನು ನೋಡಿಯೇ ಆಸ್ಪತ್ರೆಯ ಡಾಕ್ಟರಮ್ಮ ಜೀನ್ ಪರೀಕ್ಷೆ ಬರೆದುಕೊಟ್ಟದ್ದು.

“ಏರಿಡ್ ಒನ್ ಬಿ ಅನ್ನೋ ಜೀನಲ್ಲಿ ಒಂದು ಬದಲಾವಣೆ ಸಿಕ್ಕಿದೆ,” ಎಂದರು ಡಾಕ್ಟರಮ್ಮ.

“ಅದು ಯಾವ ರೂಟಲ್ಲಿ ಹೋಗುತ್ತೆ ಮೇಡಂ?” ಎಂದೆ. ಬಸ್ಸಿನ ನಂಬರಿನ ಹಾಗೆ ಕೇಳಿಸಿದ್ದು ನನ್ನ ತಪ್ಪಲ್ಲ. ಅಪ್ಪ ಮೇಜಿನಡಿಯಲ್ಲಿ ನನ್ನ ಕಾಲು ತುಳಿದ.

ಡಾಕ್ಟರಮ್ಮ ಮಾತ್ರ ನಕ್ಕು, “ಎಲ್ಲಾ ರೂಟಲ್ಲೂ ಹೋಗುತ್ತಪ್ಪ, ಅದೇ ಕಷ್ಟ,” ಎಂದರು. “ಇದರಿಂದ ಆಗೋ ಪ್ರೋಟೀನು ತಾನಾಗಿ ಏನೂ ಕಟ್ಟಲ್ಲ. ಬೇರೆ ಜೀನುಗಳು ಯಾವಾಗ ಕೆಲಸ ಶುರು ಮಾಡ್ಬೇಕು, ಯಾವಾಗ ಸುಮ್ನಿರ್ಬೇಕು ಅಂತ ನೋಡ್ಕೊಳ್ಳೋ ತಂಡದಲ್ಲಿ ಅದೂ ಒಂದು. ಎಲ್ಲರಿಗೂ ಈ ಜೀನು ಎರಡೆರಡು ಪ್ರತಿ ಇರುತ್ತೆ. ಇವಳಲ್ಲಿ ಒಂದು ಪ್ರತಿ ಕೆಲಸ ಮಾಡ್ತಿಲ್ಲ.”

ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. “ಯಾರಿಂದ ಬಂತು?”

“ಹೆಚ್ಚಿನ ಸಲ ಯಾರಿಂದಲೂ ಬಂದಿರಲ್ಲ, ಮಗುವಲ್ಲೇ ಹೊಸದಾಗಿ ಆಗಿರುತ್ತೆ. ಆದ್ರೆ ನಿಮ್ಮಿಬ್ಬರನ್ನೂ ಪರೀಕ್ಷೆ ಮಾಡ್ದೆ ಖಚಿತವಾಗಿ ಹೇಳಕ್ಕಾಗಲ್ಲ. ಉಗುಳು ಸಾಕು, ಸೂಜಿ ಬೇಡ.”

ಇಷ್ಟು ಉದ್ದದ ಮಾತಿನಲ್ಲಿ ಅಮ್ಮನ ಕಿವಿಗೆ ಬಿದ್ದದ್ದು ‘ಹೇಳಕ್ಕಾಗಲ್ಲ’ ಎಂಬುದೊಂದೇ ಎಂದು ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಇಂದಿನ ಇತರ ಸಾಧನೆ: ಅಜ್ಜಿಯ ಕೈಗೋಲಿಗೆ ಸೈಕಲ್ಲಿನ ಗಂಟೆ ಕಟ್ಟಿದ್ದೇನೆ. ಹೆಜ್ಜೆಗೊಂದು ಟಿಣ್. ಇನ್ನುಮುಂದೆ ಅವಳು ಬೆಕ್ಕಿನ ಹಾಗೆ ಬಂದು ನನ್ನನ್ನು ಹಿಡಿಯುವಂತಿಲ್ಲ.

ಜೂನ್ 5, ಗುರುವಾರ

ಅಪ್ಪ ನಾಟಕ ಮಂದಿರದಲ್ಲಿ ಬೆಳಕಿನವನು. ಪ್ರೇಕ್ಷಕರ ಬೆನ್ನ ಹಿಂದೆ ಎತ್ತರದ ಗೂಡಿನಲ್ಲಿ ಕೂತು, ಹಲಗೆಯ ಮೇಲೆ ಸಾಲಾಗಿರುವ ನಲವತ್ತೆಂಟು ಗುಂಡಿಗಳನ್ನು ಮೇಲೆ ಕೆಳಗೆ ಜಾರಿಸುವುದು ಅವನ ಉದ್ಯೋಗ. ಇವತ್ತು ವೈರು ಹೊರಲು ನನ್ನನ್ನು ಎಳೆದುಕೊಂಡು ಹೋದ.

“ಡಾಕ್ಟರ್ ಹೇಳಿದ್ದು ಅರ್ಥ ಆಯ್ತೇನೋ?”

“ಬಸ್ಸು ಕೆಟ್ಟು ನಿಂತಿದೆ ಅಂತ ಆಯ್ತು.”

“ನೋಡಿಲ್ಲಿ.” ಅಪ್ಪ ಒಂದು ಗುಂಡಿ ಜಾರಿಸಿದ. ಖಾಲಿ ರಂಗದ ಮೇಲೆ ಒಂದು ಮರದ ಕುರ್ಚಿ ಕತ್ತಲಿನಿಂದ ಮೆಲ್ಲಗೆ ಎದ್ದುಬಂತು. “ನಾನು ಕುಣಿಯಲ್ಲ, ಹಾಡಲ್ಲ, ಒಂದು ಡೈಲಾಗೂ ಇಲ್ಲ ನಂಗೆ. ಆದ್ರೆ ನಾನಿಲ್ಲಿ ಇಲ್ದಿದ್ರೆ ರಾಜನ ಮೇಲೆ ಬೀಳ್ಬೇಕಾದ ಬೆಳಕು ಬಾಗಿಲ ಮೇಲೆ ಬೀಳುತ್ತೆ. ಆ ಜೀನಿನ ಕೆಲಸ ಹೆಚ್ಚುಕಮ್ಮಿ ಇಂಥದ್ದೇ ಇರ್ಬೇಕು. ಇಬ್ಬರು ಕೂರೋ ಜಾಗದಲ್ಲಿ ಒಬ್ಬನೇ ಬಂದಿದಾನೆ ಅಂದ್ಕೋ. ನಲವತ್ತೆಂಟಕ್ಕೂ ಅವನೊಬ್ಬನೇ.”

“ನಾಟಕ ನಿಂತುಹೋಗುತ್ತಾ?”

“ಯಾಕೆ ನಿಲ್ಲುತ್ತೆ? ಕೆಲವು ದೀಪ ತಡವಾಗಿ ಹತ್ತುತ್ತೆ. ನೋಡೋರು ಎದ್ದು ಹೋಗ್ಬಾರದು, ಅಷ್ಟೇ.”

ಆಮೇಲೆ ಅಪ್ಪ ಆ ಕುರ್ಚಿಯ ಮೇಲಿನ ಬೆಳಕನ್ನೇ ಏರಿಸುತ್ತ, ಇಳಿಸುತ್ತ, ಬಹಳ ಹೊತ್ತು ಕೂತಿದ್ದ. ಕಣ್ಣಲ್ಲಿ ಏನೋ ಬಿತ್ತಂತೆ. ಗೂಡಿನಲ್ಲಿ ಧೂಳು ಜಾಸ್ತಿ ಎಂದು ಇಲ್ಲಿ ದಾಖಲಿಸುತ್ತೇನೆ.

ಜೂನ್ 9, ಸೋಮವಾರ

ಉಗುಳುವ ಮಹೋತ್ಸವ ಸಂಪನ್ನವಾಯಿತು.

ಆಸ್ಪತ್ರೆಯಿಂದ ಎರಡು ಪ್ಲಾಸ್ಟಿಕ್ ಟ್ಯೂಬು ಕೊಟ್ಟಿದ್ದರು. ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು. ನೊರೆ ಲೆಕ್ಕಕ್ಕಿಲ್ಲ, ಶುದ್ಧ ಉಗುಳು ಗೆರೆಯವರೆಗೆ ತುಂಬಬೇಕು. ಅಪ್ಪ ಐದೇ ನಿಮಿಷದಲ್ಲಿ ತುಂಬಿಸಿ ಎದ್ದ. ಅಮ್ಮನದು ಮಾತ್ರ ಮುಗಿಯಲೇ ಇಲ್ಲ. ಅರ್ಧ ಗಂಟೆಯಾದರೂ ಟ್ಯೂಬಿನ ತಳದಲ್ಲಿ ಒಂದಿಷ್ಟು ನೊರೆ.

“ಬಾಯಿ ಒಣಗಿಹೋಗಿದೆ ಕಣೋ. ಉಗುಳೋದಕ್ಕೂ ನನ್ ಕೈಲಾಗಲ್ಲ ನೋಡು,” ಎಂದಳು.

ಅಷ್ಟರಲ್ಲಿ ಒಳಕೋಣೆಯಲ್ಲಿ ಮಂತ್ರಿಗಳು ಅಧಿವೇಶನ ಆರಂಭಿಸಿದರು. ಅಮ್ಮ ಟ್ಯೂಬನ್ನು ಮೇಜಿನ ಮೇಲಿಟ್ಟು ಓಡಿದಳು. ಟ್ಯೂಬು, ನಾನು, ಇಬ್ಬರೇ ಉಳಿದೆವು. ಆಗ ನನಗೆ ಒಂದು ಘನವಾದ ವಿಚಾರ ಹೊಳೆಯಿತು. ಒಂಬತ್ತು ತಿಂಗಳು ಅವಳ ಹೊಟ್ಟೆಯಲ್ಲೇ ಬಿಡಾರ ಹೂಡಿದ್ದವನು ನಾನು. ಅವಳ ಮೂಗು, ಅವಳ ಗುಂಗುರು ಕೂದಲು, ಅವಳ ಅಕ್ಕಪಕ್ಕ ನೋಡದೆ ರಸ್ತೆ ದಾಟುವ ಚಾಳಿ, ಎಲ್ಲವೂ ನನ್ನ ಬಳಿ ಇವೆ. ಅವಳ ಉಗುಳು ಬೇರೆ, ನನ್ನ ಉಗುಳು ಬೇರೆಯೇ?

ಗೆರೆಯವರೆಗೆ ತುಂಬಿಸಿದೆ.

ಅಮ್ಮ ಬಂದು ಟ್ಯೂಬನ್ನು ಬೆಳಕಿಗೆ ಹಿಡಿದಳು. “ಅಯ್ಯೋ! ಆಗ್ಲೇ ಇಷ್ಟು ಬಂದಿತ್ತಾ? ನಾನು ನೋಡೇ ಇಲ್ವಲ್ಲೋ!”

ಹೇಳಿ ನಗಬೇಕೆಂದು ಬಾಯಿ ತೆರೆದೆ. ಆದರೆ ಅವಳು ವಾರದಲ್ಲಿ ಮೊದಲ ಸಲ ಹಲ್ಲು ಕಾಣುವ ಹಾಗೆ ನಗುತ್ತಿದ್ದಳು. ಮುಚ್ಚಿದೆ.

ಫಲಿತಾಂಶ ಆರು ವಾರಕ್ಕೆ. ಇಬ್ಬರದ್ದೂ ಒಟ್ಟಿಗೇ ಹೇಳುವುದು ಅವರ ಕ್ರಮವಂತೆ.

ಜೂನ್ 22, ಭಾನುವಾರ

ಅಜ್ಜಿ ಅಪ್ಪನ ತಾಯಿ. ಆದ್ದರಿಂದ ಅವಳ ಪ್ರಕಾರ ಮನೆಯಲ್ಲಿ ಎರಡು ‘ಕಡೆ’ ಇವೆ. ಒಳ್ಳೆಯದೆಲ್ಲ ನಮ್ಮ ಕಡೆಯಿಂದ, ಉಳಿದದ್ದು ಅಮ್ಮನ ಕಡೆಯಿಂದ. ಲೆಕ್ಕದಲ್ಲಿ ನಾನು ಜಾಣನಾದದ್ದು ನಮ್ಮ ಕಡೆಯಿಂದ. ಕಪಿಯಾದದ್ದು ಆ ಕಡೆಯಿಂದ.

ಇವತ್ತು ಊಟಕ್ಕೆ ಕೂತಾಗ, ಯಾರೂ ಕೇಳದೆಯೇ, “ನಮ್ಮ ಕಡೆ ಯಾರಿಗೂ ಹೀಗಿರ್ಲಿಲ್ಲಪ್ಪ,” ಎಂದಳು.

ಅಪ್ಪ, “ಅಮ್ಮಾ, ಸಾಕು,” ಎಂದ. ಅಮ್ಮ ಎದ್ದಳು. ನೀರು ತರಲು ಹೋದವಳು ತಿರುಗಿ ಬರಲೇ ಇಲ್ಲ. ಹೋಗಿ ನೋಡಿದರೆ ಕಿಟಕಿಯ ಬಳಿ ನಿಂತು, ಅಂಗಡಿಯಿಂದ ತಂದ ಭೂತಗನ್ನಡಿಯಲ್ಲಿ ತನ್ನ ಕಿರುಬೆರಳಿನ ಉಗುರು ನೋಡಿಕೊಳ್ಳುತ್ತಿದ್ದಳು.

“ಚಿಕ್ಕದಿದೆ ಅನ್ಸುತ್ತೇನೋ?”

“ಕೊಡು ಇಲ್ಲಿ.” ತಜ್ಞನ ಠೀವಿಯಲ್ಲಿ ಭೂತಗನ್ನಡಿ ಇಸಿದುಕೊಂಡು ಪರೀಕ್ಷಿಸಿದೆ. “ಉಗುರಲ್ಲಿ ಹಿಟ್ಟು ಸಿಕ್ಕಿದೆ. ಬೇರೆ ಕಾಯಿಲೆ ಕಾಣಿಸ್ತಿಲ್ಲ.”

ನಗಲಿಲ್ಲ. ಜೋಕು ಅಷ್ಟೇನೂ ಕೆಟ್ಟದಾಗಿರಲಿಲ್ಲ. ಈಚೆಗೆ ಈ ಮನೆಯಲ್ಲಿ ರಸಿಕರಿಗೆ ಬರಗಾಲ.

(ನನ್ನ ಉಗುರನ್ನೂ ನೋಡಿಕೊಂಡೆ. ಸುಮ್ಮನೆ, ಭೂತಗನ್ನಡಿ ಕೈಯಲ್ಲಿತ್ತಲ್ಲ ಎಂದು.)

ಜುಲೈ 21, ಸೋಮವಾರ

ಆಸ್ಪತ್ರೆಯಿಂದ ಫೋನು ಬಂತು. ಅಮ್ಮ ಸ್ಪೀಕರಿಗೆ ಹಾಕಿದಳು.

“ತಂದೆಯವರ ಸ್ಯಾಂಪಲ್ ಸರಿಯಾಗಿದೆ. ತಾಯಿಯವರದ್ದು ಕೆಟ್ಟಿದೆ. ಅದರಲ್ಲಿ ಇಬ್ಬರ ಡಿಎನ್ಎ ಬೆರೆತಿದೆ, ಒಂದು ಗಂಡಸಿನದು. ಹೇಗಾಯ್ತು ಅಂತ ಗೊತ್ತಿಲ್ಲ. ಇನ್ನೊಮ್ಮೆ ಕೊಡ್ಬೇಕಾಗುತ್ತೆ. ಮತ್ತೆ ಆರು ವಾರ.”

ಅಪ್ಪ ಅಮ್ಮನನ್ನು ನೋಡಿದ. ಅಮ್ಮ ಟ್ಯೂಬು ಇಟ್ಟಿದ್ದ ಮೇಜನ್ನು ನೋಡಿದಳು. ನಾನು ಗೋಡೆಯ ಮೇಲಿನ ಒಂದು ಇರುವೆಯನ್ನು ಅತ್ಯಂತ ಶ್ರದ್ಧೆಯಿಂದ ನೋಡಿದೆ.

“ನಾ ಹೇಳ್ಲಿಲ್ವಾ?” ಎಂದಳು ಅಜ್ಜಿ. “ಮೈಯಲ್ಲೇ ದೋಷ ಇದ್ರೆ ಯಂತ್ರಕ್ಕೂ ತಲೆ ಕೆಡುತ್ತೆ.”

“ಇರ್ಬೇಕು ಅತ್ತೆ. ನನ್ನಲ್ಲೇ ಏನೋ ಕೆಟ್ಟಿದೆ,” ಎಂದಳು ಅಮ್ಮ. ಜಗಳಕ್ಕೂ ಬರಲಿಲ್ಲ. ಒಪ್ಪಿಕೊಂಡೇ ಬಿಟ್ಟಳು. ಅಮ್ಮ ಅಜ್ಜಿಯ ಮಾತನ್ನು ಒಪ್ಪಿಕೊಂಡದ್ದನ್ನು ನಾನು ಈ ಹದಿನಾರು ವರ್ಷದಲ್ಲಿ ಕಂಡಿಲ್ಲ.

ಹೇಳಬೇಕಿತ್ತು. ಇರುವೆ ಸೂರಿನವರೆಗೂ ಹೋಯಿತು. ಹೇಳಲಿಲ್ಲ.

ಜುಲೈ 22, ಮಂಗಳವಾರ

ಹೇಳಿದೆ.

ಅಮ್ಮ ಯಾರದೋ ಕನ್ನಡಕದ ಸ್ಕ್ರೂ ಬಿಗಿಯುತ್ತಿದ್ದಳು. ಕೇಳಿಸಿಕೊಂಡು, ಪುಟ್ಟ ತಿರುಪುಳಿಯನ್ನು ಮೇಜಿನ ಮೇಲೆ ನೇರವಾಗಿಟ್ಟಳು.

“ಗೆರೆವರೆಗೂ ಬಂತು ಅಂತ ಅವತ್ತು ಎಷ್ಟು ಖುಷಿಪಟ್ಟಿದ್ದೆ ಗೊತ್ತೇನೋ ನಿಂಗೆ?”

ಗೊತ್ತಿತ್ತು.

“ನಲವತ್ತೆರಡು ದಿನ. ಒಂದೊಂದೇ ಎಣಿಸಿದೀನಿ. ಮತ್ತೆ ಮೊದಲಿಂದ ಎಣಿಸ್ಬೇಕು.”

ಬೈಯಲಿಲ್ಲ. ಹೊಡೆಯಲಿಲ್ಲ. ಇಂಥ ಅನ್ಯಾಯದ ವಿರುದ್ಧ ಎಲ್ಲಿ ದೂರು ಕೊಡಬೇಕೋ ತಿಳಿಯದು.

ಅಜ್ಜಿಗೂ ಹೋಗಿ ಹೇಳಿದೆ: ಆ ಗಂಡಸು ನಾನೇ ಎಂದು. “ಥೂ, ಕಪಿ ನನ್ಮಗನೇ!” ಎಂದಳು. ಆಮೇಲೆ ಕೈಗೋಲಿನ ಗಂಟೆಯನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕೂತಳು. ಅವಳಿಗೆ ಸಮಾಧಾನ ಆದಂತೆ ಕಾಣಲಿಲ್ಲ.

ಜುಲೈ 26, ಶನಿವಾರ

ಎರಡನೆಯ ಉಗುಳು. ಬಿಗಿ ಬಂದೋಬಸ್ತು.

ಅಪ್ಪ ಸೀಮೆಸುಣ್ಣದಿಂದ ನೆಲದ ಮೇಲೆ ಅಡ್ಡಗೆರೆ ಎಳೆದ. “ಇದನ್ನ ದಾಟಿದ್ರೆ ಕಾಲು ಮುರೀತೀನಿ.” ಅಮ್ಮ ಮತ್ತು ಟ್ಯೂಬು ಆ ಕಡೆ, ನಾನು ಈ ಕಡೆ. ಮಂತ್ರಿಗಳು ಸರಿಯಾಗಿ ಗೆರೆಯ ಮೇಲೆಯೇ ಆಸೀನರಾದರು. ಅವರಿಗೆ ಯಾವ ಕಾನೂನೂ ಅನ್ವಯಿಸುವುದಿಲ್ಲ.

ಹತ್ತು ನಿಮಿಷವಾದರೂ ಅಮ್ಮನ ಬಾಯಿಗೆ ನೀರು ಬರಲಿಲ್ಲ. ಕಣ್ಣಿಗೆ ಬರುತ್ತಿತ್ತು. ನಾನು ಅಡುಗೆಮನೆಗೆ ಹೋಗಿ ಒಂದು ನಿಂಬೆಹಣ್ಣು, ಚಾಕು, ತಟ್ಟೆ ತಂದೆ.

“ಏ, ಅವಳು ಏನೂ ತಿನ್ನೋ ಹಾಗಿಲ್ಲ!” ಎಂದ ಅಪ್ಪ.

“ತಿನ್ನೋನು ನಾನು. ಅಮ್ಮ ಬರೀ ಪ್ರೇಕ್ಷಕಿ.”

ಗೆರೆಯ ಈಚೆ ಚಕ್ಕಳಮಕ್ಕಳ ಕೂತು, ಹಣ್ಣನ್ನು ನಿಧಾನವಾಗಿ ಎರಡು ಹೋಳು ಮಾಡಿದೆ. ರಸ ತಟ್ಟೆಗೆ ತೊಟ್ಟಿಕ್ಕಿತು. ಒಂದು ಹೋಳನ್ನು ಪೂರ್ತಿ ಬಾಯಿಗಿಟ್ಟು ಹಿಂಡಿದೆ. ನನ್ನ ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು, ಕಿವಿಗಳು ಹಿಂದಕ್ಕೆ ಹೋದವು, ಭುಜ ಕಿವಿಗೆ ತಾಗಿತು. ನಟನೆ ಅಲ್ಲ, ಆ ಹಣ್ಣು ಯಮನ ತೋಟದ್ದು.

“ಥೂ, ನಿಲ್ಸೋ, ನನ್ ಹಲ್ಲು ಜುಮ್ಮಂತಿದೆ!” ಎಂದಳು ಅಮ್ಮ. ಬಾಯಿ ತುಂಬಿ ಮಾತು ತೊದಲಿತು.

“ಮಾತಾಡ್ಬೇಡ, ಉಗಿ!” ಎಂದ ಅಪ್ಪ.

ಎರಡನೆಯ ಹೋಳಿಗೆ ಅಮ್ಮ ಟ್ಯೂಬು ಹಿಡಿದೇ ನಗತೊಡಗಿದಳು. “ನಗ್ಬೇಡ ಕಣೇ, ಚೆಲ್ಲುತ್ತೆ!” ಎಂದು ಅಪ್ಪ ಎರಡೂ ಕೈ ಚಾಚಿಕೊಂಡು ಕೂತ. ಮಂತ್ರಿಗಳು ಮಾತ್ರ ನಗದೆ, ನನ್ನ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದು, ನನ್ನ ಬಾಯಿಯನ್ನೇ ತನಿಖೆ ಮಾಡಿದರು. ಸಿಪ್ಪೆ ಎತ್ತಿ ನೆಕ್ಕಿದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಟ್ಯೂಬು ಗೆರೆಯವರೆಗೆ ತುಂಬಿತು. ಪೂರ್ತಿ ಅಮ್ಮನದೇ.

ಆಗಸ್ಟ್ 10, ಭಾನುವಾರ

ಮಾತು ಕಲಿಸುವ ಟೀಚರು ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ ಅಭ್ಯಾಸ ಮಾಡಿಸಿ ಎಂದಿದ್ದಾರೆ. ಅಮ್ಮ ಅಂಗಡಿಯಿಂದ ಬರುವಾಗ ಸುಸ್ತಾಗಿರುತ್ತಾಳೆ. ನಾನೇ ಮಾಡಿಸುತ್ತಿದ್ದೇನೆ. ವಸ್ತು ಕೈಯಲ್ಲಿ ಹಿಡಿದು ‘ತಗೋ’ ಎಂದು ಕೊಡುವುದು. ಪುಟ್ಟಿ (ಅಭ್ಯಾಸದ ಹೊತ್ತಿನಲ್ಲಿ ಮಂತ್ರಿಪದವಿ ಇಲ್ಲ) ತಿರುಗಿ ‘ತಗೋ’ ಎಂದು ಕೊಡಬೇಕು.

ಚಮಚ: ಎಸೆದಳು. ಚೆಂಡು: ಎಸೆದಳು. ನನ್ನ ಚಪ್ಪಲಿ: ಇಟ್ಟುಕೊಂಡಳು.

ಬಂದ ಮಾತು ಸೊನ್ನೆ. ನಾಳೆ ಮತ್ತೆ.

ಆಗಸ್ಟ್ 19, ಮಂಗಳವಾರ

ಮಧ್ಯಾಹ್ನ ನನ್ನ ಕೋಣೆಯ ಬಾಗಿಲಲ್ಲಿ ಅಜ್ಜಿ ಪ್ರತ್ಯಕ್ಷಳಾದಳು. ಟಿಣ್ ಸದ್ದೇ ಇಲ್ಲ. ನೋಡಿದರೆ ಗಂಟೆಯ ಮೇಲೆ ಅಂಗೈ ಮುಚ್ಚಿ ಹಿಡಿದಿದ್ದಾಳೆ.

“ಏ ಕಪಿ, ಒಂದ್ ಮಾತು. ನಿಂಗೆ ಯಾಕೆ ಹೇಳ್ತಿದೀನಿ ಅಂದ್ರೆ, ನೀನು ಯಾರಿಗಾದ್ರೂ ಹೇಳಿದ್ರೂ ಯಾರೂ ನಂಬಲ್ಲ.”

ಇಂಥ ಗೌರವ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ. ಮಂಚದ ಮೇಲೆ ಜಾಗ ಬಿಟ್ಟೆ.

“ನಂಗೊಬ್ಬ ತಮ್ಮ ಇದ್ದ,” ಎಂದಳು. “ಮಾತು ಬರ್ತಿರ್ಲಿಲ್ಲ. ನಡಿಗೆಯೂ ಸರಿ ಇರ್ಲಿಲ್ಲ. ಬಾಗ್ಲ ಹತ್ರ ಕೂತ್ಕೊಂಡು ಬಾಗಿಲು ತೆಗೆಯೋದು, ಹಾಕೋದು, ತೆಗೆಯೋದು, ಹಾಕೋದು. ಒಂಬತ್ತು ವರ್ಷಕ್ಕೆ ಹೋಗ್ಬಿಟ್ಟ. ಯಾರಿಗೂ ಹೇಳ್ಬಾರ್ದು ಅಂದ್ರು ನಮ್ಮಪ್ಪ. ನಂಗೆ ಗಂಡು ಸಿಗಲ್ಲ ಅಂತ. ನಿಮ್ಮ ತಾತಂಗೂ ಹೇಳ್ಲಿಲ್ಲ. ನಿಮ್ಮಪ್ಪಂಗೂ ಗೊತ್ತಿಲ್ಲ.”

“ಮತ್ತೆ ‘ನಮ್ಮ ಕಡೆ ಯಾರಿಗೂ ಇರ್ಲಿಲ್ಲ’ ಅಂದ್ಯಲ್ಲಾ?”

“ಜೋರಾಗಿ ಹೇಳಿದ್ರೆ ನಂಗೂ ನಂಬಿಕೆ ಬರುತ್ತೆ ಅಂತ.” ಆಮೇಲೆ ನನ್ನ ಕಡೆ ಬಾಗಿ, “ನನ್ನ ಉಗುಳನ್ನೂ ಪರೀಕ್ಷೆ ಮಾಡ್ತಾರೇನೋ?” ಎಂದಳು.

ಇಲ್ಲಿ ಒಂದು ತಮಾಷೆ ಬರೆಯಬಹುದು. ಎರಡು ಮೂರು ಹೊಳೆದಿವೆ ಕೂಡ.

“ಅಜ್ಜಿ, ಅಮ್ಮಂಗೆ ಹೇಳು,” ಎಂದೆ.

“ಹುಚ್ಚಾ ನಿಂಗೆ? ಫಲಿತಾಂಶ ಬರ್ಲಿ, ಆಮೇಲೆ ನೋಡೋಣ.”

“ಬಂದ್ಮೇಲೆ ಹೇಳಿದ್ರೆ ಏನು ಬಂತು? ನಾನೂ ಹೇಳ್ದೆನಲ್ಲ. ಸತ್ತೇನೂ ಹೋಗ್ಲಿಲ್ಲ. ಸಾಯೋ ಹಾಗೆ ಆಗುತ್ತೆ, ಅಷ್ಟೇ.”

ಅಂಗೈ ಮುಚ್ಚಿಕೊಂಡೇ ಎದ್ದು ಹೋದಳು. ಆ ಗಂಟೆಯನ್ನು ಯಾವತ್ತೋ ಬಿಚ್ಚಿಸಬಹುದಿತ್ತು. ಯಾಕೆ ಬಿಚ್ಚಿಸಿಲ್ಲ ಎಂದು ಈಗ ಯೋಚನೆ ಬಂತು. ಅದು ಟಿಣ್ ಎಂದಾಗಲೆಲ್ಲ ಪುಟ್ಟಿ ತಿರುಗಿ ನೋಡುತ್ತಾಳೆ. ಅಜ್ಜಿಯನ್ನು ಅವಳು ತಿರುಗಿ ನೋಡುವುದು ಆಗ ಮಾತ್ರ.

ಸೆಪ್ಟೆಂಬರ್ 5, ಶುಕ್ರವಾರ

ಸೋಮವಾರ ಬನ್ನಿ ಎಂದು ಆಸ್ಪತ್ರೆಯವರು ಹೇಳಿದ್ದಾರೆ. ಅಮ್ಮ ರಜೆ ಹಾಕಿ, ಬೆಳಗಿನಿಂದ ಒಂದೇ ಕನ್ನಡಕ ಒರೆಸುತ್ತಿದ್ದಾಳೆ.

ಸಂಜೆ ನಾಲ್ಕಕ್ಕೆ ಅಜ್ಜಿಯ ಕೋಣೆಯಿಂದ ಟಿಣ್ ಕೇಳಿಸಿತು. ಟಿಣ್, ಟಿಣ್, ಪಡಸಾಲೆ ದಾಟಿ, ಅಮ್ಮನಿದ್ದ ಅಡುಗೆಮನೆಯವರೆಗೂ. ಅಂಗೈ ಮುಚ್ಚಿರಲಿಲ್ಲ. ಬಾಗಿಲು ಹಾಕಿಕೊಂಡಳು.

ಬಾಗಿಲಿಗೆ ಕಿವಿ ಕೊಡುವುದರಲ್ಲಿ ನಾನು ನಿಪುಣ. ಇವತ್ತು ಪುಟ್ಟಿಯನ್ನು ಕರೆದುಕೊಂಡು ಹೊರಗೆ ಹೋದೆ. ಬೀದಿಯ ಕೊನೆಯವರೆಗೆ ನಡೆದೆವು, ಅವಳು ಎಲ್ಲ ಗೇಟುಗಳನ್ನೂ ಒಂದೊಂದಾಗಿ ಮುಟ್ಟಿದಳು. ನಲವತ್ತು ನಿಮಿಷ ಹಿಡಿಯಿತು.

ವಾಪಸು ಬಂದಾಗ ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತಿದ್ದರು. ಅಜ್ಜಿಯ ಮೂಗು ಕೆಂಪಾಗಿತ್ತು. ಅಮ್ಮ ಅವಳ ಕಿರುಬೆರಳನ್ನು ಭೂತಗನ್ನಡಿಯಲ್ಲಿ ನೋಡುತ್ತ, “ಹಿಟ್ಟು ಅತ್ತೆ, ಬರೀ ಹಿಟ್ಟು,” ಎನ್ನುತ್ತಿದ್ದಳು.

ನನ್ನ ಜೋಕು! ಕದ್ದು ಬಳಸಿದ್ದಾರೆ.

ಸೆಪ್ಟೆಂಬರ್ 8, ಸೋಮವಾರ

ಅಮ್ಮನಲ್ಲಿ ಇಲ್ಲ. ಅಪ್ಪನಲ್ಲೂ ಇಲ್ಲ. ಪುಟ್ಟಿಯಲ್ಲೇ ಹೊಸದಾಗಿ ಆದದ್ದು.

“ಮತ್ತೆ ನನ್ ತಮ್ಮ?” ಎಂದಳು ಅಜ್ಜಿ. ಹಟ ಮಾಡಿ ಆಸ್ಪತ್ರೆಗೆ ಬಂದಿದ್ದಳು. ಅಪ್ಪನಿಗೂ ಶನಿವಾರವೇ ಎಲ್ಲ ಹೇಳಿದ್ದಾಳೆ.

“ಅವನಿಗೆ ಏನಿತ್ತೋ ಈಗ ಗೊತ್ತಾಗಲ್ಲ ಅಜ್ಜಿ. ಇದಂತೂ ನಿಮ್ಮಿಂದ ಬಂದಿದ್ದಲ್ಲ,” ಎಂದರು ಡಾಕ್ಟರಮ್ಮ.

ಅಮ್ಮ, “ಹಾಗಾದ್ರೆ ಯಾರದ್ದೂ ಅಲ್ವಾ?” ಎಂದಳು. ಎರಡು ಸಲ ಕೇಳಿದಳು. ಡಾಕ್ಟರಮ್ಮ ಎರಡು ಸಲವೂ “ಯಾರದ್ದೂ ಅಲ್ಲ” ಎಂದರು. ಅಮ್ಮ ಅಳುತ್ತಾಳೆಂದುಕೊಂಡಿದ್ದೆ. ಅವಳು ಅಲ್ಲೇ ಗೋಡೆಗೆ ತಲೆ ಒರಗಿಸಿ ನಿದ್ದೆಹೋದಳು. ಮೂರು ತಿಂಗಳ ನಿದ್ದೆ. ಅವಳನ್ನು ಯಾರೂ ಎಬ್ಬಿಸಲಿಲ್ಲ. ಡಾಕ್ಟರಮ್ಮ ಮುಂದಿನ ರೋಗಿಯನ್ನು ಪಕ್ಕದ ಕೋಣೆಯಲ್ಲಿ ನೋಡಿದರು.

“ನಂದೂ ನೋಡ್ಬೇಕಾ?” ಎಂದು ನಾನು ಮೆಲ್ಲಗೆ ಕೇಳಿದ್ದಕ್ಕೆ, “ನಿನಗೆ ಬೇಕಾಗಿಲ್ಲಪ್ಪ,” ಎಂದರು. ಸಂತೋಷಪಡಬೇಕಾದ ವಿಷಯ. ಪಟ್ಟೆ ಎಂದೇ ಬರೆಯುತ್ತೇನೆ. ಆದರೆ ಬಸ್ಸಿನಲ್ಲಿ ಒಂದು ವಿಚಾರ ಬಂತು. ಪುಟ್ಟಿಯ ಅಂಗಿ ನನ್ನ ಹಳೆಯ ಅಂಗಿ. ಅವಳ ಮಂಚ ನನ್ನದು, ಹೊದಿಕೆ ನನ್ನದು, ಮೂರು ಚಕ್ರದ ಸೈಕಲ್ಲು ನನ್ನದು (ಗಂಟೆ ಮಾತ್ರ ಅಜ್ಜಿಯ ಬಳಿ ಇದೆ). ಈ ಮನೆಯಲ್ಲಿ ಅವಳಿಗೆಂದೇ ಹೊಸದಾಗಿ ಬಂದದ್ದು ಇದೊಂದೇ. ಇದನ್ನು ಮಾತ್ರ ಅವಳು ಒಬ್ಬಳೇ ಹೊರಬೇಕು. ನನಗೆ ಹೆಗಲು ಕೊಡಲು ಆಗುವುದು ಅರ್ಧ ಗಂಟೆಯ ಅಭ್ಯಾಸಕ್ಕಷ್ಟೇ.

ಒಂದು ಗಂಟೆಗೆ ಏರಿಸುತ್ತೇನೆ.

ಸೆಪ್ಟೆಂಬರ್ 14, ಭಾನುವಾರ

ಐತಿಹಾಸಿಕ ಘಟನೆ. ಪ್ರತ್ಯಕ್ಷಸಾಕ್ಷಿಗಳು ನಾಲ್ವರು.

ಮಂತ್ರಿಗಳು ಅಡುಗೆಮನೆಯಿಂದ ಎರಡೂ ಕೈ ಮುಚ್ಚಿಕೊಂಡು, ಓಲಾಡುತ್ತ ಬಂದು ನನ್ನೆದುರು ನಿಂತರು. ಕೈ ಚಾಚಿದರು.

“ತಗೋ.”

ಅಮ್ಮನ ಕೈಯಿಂದ ಲೋಟ ಬಿತ್ತು. ಅಪ್ಪ ಅರ್ಧ ಎದ್ದವನು ಹಾಗೆಯೇ ನಿಂತ. ನಾಲ್ಕನೆಯ ಪದ! ನಾನು ಏನು ಕೊಟ್ಟಿದ್ದಾರೆಂದು ನೋಡಲೂ ಇಲ್ಲ, ಅವರ ಮುಖವನ್ನೇ ನೋಡುತ್ತ ತೆಗೆದುಕೊಂಡು ಬಾಯಿಗೆ ಹಾಕಿಕೊಂಡೆ.

ನಿಂಬೆಹೋಳು.

ನನ್ನ ಒಂದು ಕಣ್ಣು ಮುಚ್ಚುವ ಮೊದಲೇ ಮಂತ್ರಿಗಳು ತಮ್ಮ ಒಂದು ಕಣ್ಣು ಮುಚ್ಚಿದರು. ಭುಜ ಕಿವಿಗೇರಿಸಿದರು. ಏಳು ವಾರದಿಂದ ಎಲ್ಲಿ ಅಡಗಿಸಿಟ್ಟಿದ್ದರೋ, ನನ್ನ ಮುಖವನ್ನು ಚಾಚೂ ತಪ್ಪದೆ ನನಗೇ ಮಾಡಿ ತೋರಿಸಿ, ನೆಲಕ್ಕೆ ಕುಸಿದು ಬಿದ್ದು ಬಿದ್ದು ನಕ್ಕರು.

“ಅಯ್ಯೋ ಶಿವನೇ,” ಎಂದಳು ಅಜ್ಜಿ, ಕೈಗೋಲು ಕುಟ್ಟುತ್ತ, ಟಿಣ್ ಟಿಣ್ ಟಿಣ್. “ಈ ಕಪಿಬುದ್ಧಿ ಯಾವ ಕಡೆಯಿಂದ ಬಂತು ಇದಕ್ಕೆ?”

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಸಿಪ್ಪೆಸಮೇತ ನುಂಗಿ, ಎದ್ದು ನಿಂತು, ಮಂತ್ರಿಗಳಿಗೆ ನಡು ಬಗ್ಗಿಸಿ ನಮಸ್ಕರಿಸಿದೆ. ಈ ಒಂದಕ್ಕೆ ಯಾರೂ ಉಗುಳಬೇಕಾಗಿಲ್ಲ.